ಗೋಡೆಯ ಉಬ್ಬು

“ಇಲ್ಲಿ. ಇಲ್ಲೇ ಉಬ್ಬಿದೆ ನೋಡೋ,” ಎಂದು ಅಪ್ಪ ಗೋಡೆಯ ನಟ್ಟನಡುವೆ ಅಂಗೈ ಒತ್ತಿದರು. ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ನಿಂತಿದ್ದರಿಂದ ಬಿಳಿ ಗೆರೆಗಳ ಚೌಕಗಳೆಲ್ಲ ಅವರ ಬೆನ್ನ ಮೇಲೆ, ತೋಳಿನ ಮೇಲೆ ಬಿದ್ದು, ಬಲೆಗೆ ಸಿಕ್ಕವರ ಹಾಗೆ ಕಾಣುತ್ತಿದ್ದರು.

“ಉಬ್ಬೂ ಇಲ್ಲ, ಗಿಬ್ಬೂ ಇಲ್ಲ. ನೀವು ಈಚೆ ಬನ್ನಿ ಮೊದ್ಲು,” ಅಂದ ಅಣ್ಣ.

ರಜೆಯ ಮಧ್ಯಾಹ್ನ. ಕಿಟಕಿಗೆ ಕಂಬಳಿ ಕಟ್ಟಿ ನಡುಮನೆಯನ್ನು ಕತ್ತಲು ಮಾಡಿದ್ದರು. ಮೇಜಿನ ಮೇಲೆ ಎರಡು ದಪ್ಪ ಪುಸ್ತಕ ಒಟ್ಟಿ, ಅದರ ಮೇಲೆ ಪ್ರೊಜೆಕ್ಟರ್ ಕೂರಿಸಿ, ಅಣ್ಣ ಅದರ ಮುಂಗಾಲಿನ ತಿರುಪನ್ನು ಅತ್ತಿತ್ತ ಮಾಡುತ್ತಿದ್ದ. ಸಿನಿಮಾ ಹಾಕುವ ಮೊದಲು ಯಂತ್ರ ತಾನಾಗಿ ಗೋಡೆಯ ತುಂಬ ಚೌಕುಳಿ ಗೆರೆಗಳನ್ನು ಹರಡುತ್ತದೆ. ಗೆರೆ ನೇರವಾದರೆ ಚಿತ್ರವೂ ನೇರ. ಅಷ್ಟನ್ನು ಓದಿ ಹೇಳುವ ಕೆಲಸ ಕಿರಿಮಗಳದು. ಅವಳು ದಿವಾನದ ಮೂಲೆಯಲ್ಲಿ ಮೊಣಕಾಲು ಮಡಚಿ ಕೂತು ಕೈಪಿಡಿಯನ್ನು ಮೊಬೈಲಿನ ಬೆಳಕಿಗೆ ಹಿಡಿದಿದ್ದಳು. ಪದವಿ ಮುಗಿಸಿದವಳು, ಆದರೆ ಮಾತಿಗೆ ಬಡವಿ. ಮನೆಗೆ ಯಾರಾದರೂ ಬಂದರೆ ಅಡುಗೆಮನೆ ಸೇರುತ್ತಾಳೆಂದು ಅಣ್ಣ ಅವಳಿಗೆ ಇಲಿಮರಿ ಎಂದು ಹೆಸರಿಟ್ಟಿದ್ದ.

“ಇಲಿಮರಿ, ನೀನೇ ಹೇಳು. ಗೆರೆ ನೆಟ್ಟಗಿದೆಯೋ ಇಲ್ವೋ?”

ಅವಳ ಕಣ್ಣಿಗೆ ಗೆರೆಗಳು ಹಾಳೆಯ ಮೇಲೆ ಅಳತೆಪಟ್ಟಿ ಇಟ್ಟು ಎಳೆದ ಹಾಗಿದ್ದವು. ಅಪ್ಪನ ಎದುರು ಹಾಗೆನ್ನಲು ಬಾಯಿ ಬಾರದೆ, “ನೆಟ್ಟಗಿರೋ ಹಾಗೇ ಇದೆ…” ಎಂದು ರಾಗ ಎಳೆದಳು.

“ಹಾಗೇ ಇದೆ ಅಂದ್ರೇನು? ಮೂವತ್ತು ವರ್ಷ ಆಕಾಶದಲ್ಲಿ ಕೂತು ಗೆರೆ ನೋಡಿದವನು ನಾನು,” ಅಂದರು ಅಪ್ಪ. ಅದು ಸುಳ್ಳಲ್ಲ. ಕಟ್ಟಡ ಕಟ್ಟುವ ಕಡೆ ಟವರ್ ಕ್ರೇನ್ ನಡೆಸುವವರು ಅವರು. ಅಷ್ಟೆತ್ತರದ ಕ್ಯಾಬಿನ್ನಿನಿಂದ ಬಗ್ಗಿ ನೋಡಿ, ಟನ್ನುಗಟ್ಟಲೆ ಕಬ್ಬಿಣವನ್ನು ಹೂವಿಳಿಸಿದ ಹಾಗೆ ಇಳಿಸುತ್ತಾರೆಂದು ಕೆಲಸದವರೆಲ್ಲ ಅವರನ್ನು ಹದ್ದು ಅನ್ನುತ್ತಿದ್ದರು. ಕೆಳಗೆ ನಿಂತು, ಸರಕಿಗೆ ಸರಪಳಿ ಬಿಗಿದು, ವಾಕಿಟಾಕಿಯಲ್ಲಿ ‘ಇಳಿಸಿ, ಇನ್ನಷ್ಟು, ಸಾಕು’ ಎನ್ನುವವನು ಅಣ್ಣ.

“ಮನೇಲಿ ಮಾತ್ರ ಹದ್ದಿಗೆ ಚಪ್ಪಲಿ ಎಲ್ಲಿದೆ ಅಂತ ಕಾಣಲ್ಲ,” ಎಂದು ಅಮ್ಮ ಅಡುಗೆಮನೆಯಿಂದಲೇ ಒಂದು ಬಾಣ ಬಿಟ್ಟಳು. “ಇದ್ದ ಟಿವಿಗೇನು ಬಂದಿತ್ತು ರೋಗ? ಮನೇಲೇ ಟಾಕೀಸು ಮಾಡ್ತಾರಂತೆ.”

“ಅದರಲ್ಲಿ ಮುಖಗಳು ಬೆರಳುಗುರಿನಷ್ಟಿರ್ತವೆ ಕಣೇ. ಗೋಡೆ ತುಂಬ ಕಾಣ್ಬೇಕು.”

ಅಣ್ಣ ಗಾರೆ ಕೆಲಸದ ರಸಮಟ್ಟ ತಂದು ಅಪ್ಪ ತೋರಿಸಿದಲ್ಲಿ ಗೋಡೆಗೆ ಒತ್ತಿ ಹಿಡಿದ. ಅಡ್ಡ ಹಿಡಿದ, ಉದ್ದ ಹಿಡಿದ. ಮಟ್ಟಕ್ಕೂ ಗೋಡೆಗೂ ನಡುವೆ ಕಾಗದ ತೂರುವಷ್ಟು ಸಂದೂ ಇರಲಿಲ್ಲ. ಅಪ್ಪ ಮಟ್ಟವನ್ನೇ ಬೈದರು. ಅಣ್ಣ ಪ್ರೊಜೆಕ್ಟರಿನ ವಯರು ಎತ್ತಿ ತೋರಿಸಿದ. “ಈ ವಯರೂ ಮೋಟು, ನಿಮ್ಮ ತಾಳ್ಮೇನೂ ಮೋಟು. ಅಂಗಡಿಗೆ ಹೋಗಿ ಉದ್ದದ್ದು ತರ್ತೀನಿ. ಅಷ್ಟರಲ್ಲಿ ಅಪ್ಪ ಗೋಡೆ ಒಡೀದೇ ಇರ್ಲಿ, ನೋಡ್ಕೊ,” ಎಂದು ತಂಗಿಯ ತಲೆ ಮೊಟಕಿ ಅಣ್ಣ ಹೊರಟ.

ಅವನು ಹೋದದ್ದೇ ತಡ, ಅಪ್ಪ ಉಪ್ಪುಕಾಗದ ಹುಡುಕಿ ತಂದರು. ಗೋಡೆಯ ನಡುವೆ ಗರಗರ ಉಜ್ಜತೊಡಗಿದರು. ಬಣ್ಣ ಪುಡಿಯಾಗಿ ಉದುರಿತು. ಹಿಂದಕ್ಕೆ ಸರಿದು ನೋಡುವುದು, “ಇನ್ನೂ ಹೋಗಿಲ್ಲ” ಅನ್ನುವುದು, ಮತ್ತೆ ಉಜ್ಜುವುದು. ಬಣ್ಣ ಹೋಗಿ, ಕೆಳಗಿನ ಬೂದು ಗಾರೆ ತಟ್ಟೆಯಗಲ ತೇಲಿತು. ಅವಳು ಸಹಾಯಕ್ಕೆಂದು ಮೊಬೈಲನ್ನು ಗೋಡೆಗೆ ತಾಗಿಸಿ ಓರೆಯಾಗಿ ಬೆಳಕು ಬಿಟ್ಟಳು. ಉಬ್ಬಿದ್ದರೆ ನೆರಳು ಬೀಳಬೇಕು. ನೆರಳಿರಲಿಲ್ಲ.

ಅವಳು ಮೊಬೈಲು ಇಳಿಸಿ ಒಂದು ಕುರ್ಚಿ ಎಳೆದು ಹಾಕಿದಳು.

“ಅಪ್ಪ, ಈ ಕುರ್ಚಿಲಿ ಕೂತ್ಕೊಳ್ಳಿ ಸ್ವಲ್ಪ. ಮೇಲೆ, ಬಲಮೂಲೇಲಿರೋ ಚೌಕ ನೋಡಿ. ಅದನ್ನೇ ನೋಡಿ.”

ಅಪ್ಪ ನೋಡಿದರು. “ಅಲ್ಲೂ ಉಬ್ಬಿದೆಯಲ್ಲ!”

“ಈ ಕೆಳಗಿನ ಮೂಲೆ?”

“ಅಲ್ಲೂ…” ಅಪ್ಪನ ದನಿ ತಗ್ಗಿತು. “ಗೋಡೆಯೆಲ್ಲ ಹಾಳಾಗಿದೆ ಹಾಗಾದ್ರೆ.”

ಮೂಲೆ ನೋಡುವಾಗ ನಡುವಿನ ಗೆರೆ ಹೇಗಿದೆ ಎಂದು ಅವಳು ಕೇಳಲಿಲ್ಲ. ಕೇಳುವ ಧೈರ್ಯವಾಗಲಿಲ್ಲ. ಉಬ್ಬು ಅಪ್ಪನ ನೋಟದ ಬೆನ್ನು ಹತ್ತಿ ಗೋಡೆಯ ತುಂಬ ಓಡಾಡುತ್ತಿತ್ತು. ಅಡುಗೆಮನೆಯಲ್ಲಿ ಮಿಕ್ಸಿ ಗರ್ರೆಂದು ತಿರುಗಿ ನಿಂತಿತು.

“ಎಡಗಣ್ಣು ಮುಚ್ಚಿ ನೋಡಿ.”

“ಇದೇನು ಆಟ ನಿಂದು?” ಅಂದರೂ ಅಪ್ಪ ಮಗುವಿನಂತೆ ಅಂಗೈಯಿಂದ ಕಣ್ಣು ಮುಚ್ಚಿಕೊಂಡರು. “ಹಾಗೇ ಇದೆ. ಸೊಟ್ಟ. ನಡುವೆ ಮಸುಕು.”

“ಈಗ ಬಲಗಣ್ಣು ಮುಚ್ಚಿ.” ಹಾಗೆನ್ನುತ್ತಾ ಅವಳು ಗೋಡೆಗೆ ಬೆನ್ನು ಕೊಟ್ಟು ಬೆಳಕಿನಲ್ಲೇ ನಿಂತಿದ್ದಳು. ಪ್ರೊಜೆಕ್ಟರಿನ ಝಳ ಕಣ್ಣು ಕುಕ್ಕುತ್ತಿತ್ತು. ಆಚೆ ಅಪ್ಪ ಬರಿಯ ಕಪ್ಪು ಆಕಾರ.

ಆ ಆಕಾರ ಬಲಗಣ್ಣಿಗೆ ಅಂಗೈ ಹಿಡಿಯಿತು.

“ಪುಟ್ಟಾ,” ಅಂದಿತು. “ನಿನ್ನ ಮುಖ ಎಲ್ಲಿ ಹೋಯ್ತು?”

ಅವಳು ಬೆಳಕಿನಿಂದ ಪಕ್ಕಕ್ಕೆ ಸರಿದಳು. ಹೋದ ವಾರ ಊಟಕ್ಕೆ ಕೂತಾಗ ಅಣ್ಣ ಹೇಳಿ ನಗಿಸಿದ ಮಾತು ನೆನಪಾಯಿತು: ‘ಇವತ್ತು ಅಪ್ಪ ಕಬ್ಬಿಣದ ಕಟ್ಟು ಕೊಟ್ಟು ಕಳ್ಸಿದ್ರಮ್ಮ, ನನ್ನ ಹೆಲ್ಮೆಟ್ಟಿಗೆ ಮುತ್ತಿಡೋಕೆ! ಒಂದು ಗೇಣು ಈಚೆ ಬಂದಿದ್ರೆ ನೀನು ನನಗೆ ಹೆಣ್ಣು ಹುಡುಕೋ ಕಷ್ಟ ತಪ್ತಿತ್ತು.’ ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಅಪ್ಪ ಮಾತ್ರ ಗಾಳಿ ಜಾಸ್ತಿ ಇತ್ತು ಎಂದು ಇನ್ನೊಂದು ತುತ್ತು ಕಲಸಿದ್ದರು.

ಅಪ್ಪ ಕೈ ಇಳಿಸಿದರು. ಒಮ್ಮೆ ಬಲಗಣ್ಣು ಮುಚ್ಚಿದರು, ಒಮ್ಮೆ ಎಡಗಣ್ಣು. ಮತ್ತೆ ಬಲಗಣ್ಣು. ಮಗಳು ಹೇಳಿಕೊಡುವುದು ಇನ್ನೇನೂ ಉಳಿದಿರಲಿಲ್ಲ.

“ಕ್ಯಾಬಿನ್ ಗಾಜಿನ ತಪ್ಪು ಅಂದ್ಕೊಂಡಿದ್ದೆ,” ಅಂದರು ಕೊನೆಗೆ. “ಜಗಳ ಆಡಿ ಗಾಜು ಬದಲಾಯಿಸ್ದೆ. ಆಮೇಲೆ ಮಂಜು ಅಂದ್ಕೊಂಡೆ. ಆಮೇಲೆ ಧೂಳು.”

“ಅಪ್ಪ, ನಾಳೆ ಹೋಗ್ಬೇಡಿ.”

“ನಾಳೆ ಹೋಗ್ಲೇಬೇಕು. ಮೇಲಿನ ಮಾಳಿಗೆ ಚಪ್ಪಡಿ ಏರಿಸೋದಿದೆ. ಈ ವಾರ ಒಂದು ದಾಟ್ಲಿ, ನಾನೇ ಡಾಕ್ಟರ ಹತ್ರ ಹೋಗ್ತೀನಿ. ನನಗೆ ಆ ಕೆಲಸ ಕಣ್ಣು ಮುಚ್ಚಿಕೊಂಡೂ ಬರುತ್ತೆ.”

ಹಾಗಂದವರೇ ತಾವು ಅಂದದ್ದು ಕಿವಿಗೆ ಬಿದ್ದಂತೆ ಕುರ್ಚಿಯ ತೋಳನ್ನು ಬೆರಳಿನಿಂದ ಸವರಿದರು.

“ಕೆಳಗೆ ಯಾರು ನಿಲ್ತಾರೆ?” ಎಂದು ಕೇಳಿದಳು ಅವಳು. ಉತ್ತರ ಅವಳಿಗೆ ಗೊತ್ತಿತ್ತು. ಮೆಟ್ಟಿಲಿನ ಮೇಲೆ ಆ ಉತ್ತರವೇ ಸಿಳ್ಳೆ ಹಾಕಿಕೊಂಡು ಬರುತ್ತಿತ್ತು.

“ಯಾರಿಗೂ ಹೇಳ್ಬೇಡ,” ಅಂದರು ಅಪ್ಪ ಅವಸರದಲ್ಲಿ. “ನನ್ನಾಣೆ.” ಅಷ್ಟು ವರ್ಷದಲ್ಲಿ ಅಪ್ಪ ಅವಳಲ್ಲಿ ಏನನ್ನೂ ಬೇಡಿದವರಲ್ಲ.

ಬಾಗಿಲು ತೆರೆದು ಅಣ್ಣ ಗೋಡೆ ನೋಡಿದ. “ಅಯ್ಯೋ ದೇವ್ರೇ! ಬಿಟ್ಟು ಹೋದ್ರೆ ಇಷ್ಟೇ. ಈಗ ಹೀರೋಯಿನ್ ಕೆನ್ನೆ ಮೇಲೆ ಗಾರೆ ಕಾಣುತ್ತೆ.” ಅಪ್ಪ ನಕ್ಕರು. ಆ ನಗೆ ಕೇಳಿ ಅವಳ ಭಯ ಇಮ್ಮಡಿಯಾಯಿತು. ಅದು ಎಂದಿನ ನಗೆಯ ಹಾಗೆಯೇ ಇತ್ತು.

ಸಂಜೆ ಹಳೆಯದೊಂದು ನಗೆಚಿತ್ರ ಹಾಕಿದರು. ಗೋಡೆಯ ಮೇಲೆ ಆಳೆತ್ತರದ ಜನ ಓಡಿದರು, ಬಿದ್ದರು, ಕೆಸರಲ್ಲಿ ಹೊರಳಿದರು. ಟಾಕೀಸನ್ನು ಹಂಗಿಸಿದ್ದ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಮಗಳು ಮಾತ್ರ ಗೋಡೆ ನೋಡಲೇ ಇಲ್ಲ, ಅಪ್ಪನನ್ನು ನೋಡುತ್ತಿದ್ದಳು. ಅಪ್ಪ ಚಿತ್ರದ ಕಡೆ ನೇರ ನೋಡುತ್ತಿರಲಿಲ್ಲ. ಕುತ್ತಿಗೆ ಓರೆ ಮಾಡಿ ಬಾಗಿಲ ಚೌಕಟ್ಟನ್ನು ದಿಟ್ಟಿಸುತ್ತಿದ್ದರು. ಎಲ್ಲರೂ ನಕ್ಕ ಮೇಲೆ, ಒಂದು ಚಣ ತಡವಾಗಿ ನಗುತ್ತಿದ್ದರು. ಎಷ್ಟು ದಿನದಿಂದ ಹೀಗೆ? ಅವಳು ನೆನಪಿನಲ್ಲಿ ಹಿಂದೆ ಹೋಗಿ ಹುಡುಕಿದಳು. ತಲೆ ಎತ್ತದೆ ದನಿಯಿಂದಲೇ ಯಾರು ಬಂದರೆಂದು ಹೇಳುತ್ತಿದ್ದದ್ದು, ಲೋಟಕ್ಕೆ ನೀರು ಬಗ್ಗಿಸುವಾಗ ಅಂಚಿಗೆ ಬೆರಳಿಡುತ್ತಿದ್ದದ್ದು. ಪಕ್ಕದಲ್ಲಿ ಅಣ್ಣ ನಗುತ್ತಾ ಅವಳ ಭುಜದ ಮೇಲೆ ಬಿದ್ದಾಗ, ಅವನ ತಲೆಯ ಭಾರ, ಕೂದಲಿನ ಎಣ್ಣೆಯ ವಾಸನೆ, ಎಲ್ಲವೂ ಅವಳನ್ನು ಹೆದರಿಸಿತು. ಮೇಲಿನಿಂದ ಏನೋ ಸದ್ದಿಲ್ಲದೆ ತೂಗುತ್ತಾ ಇಳಿಯುತ್ತಿರುವಂತೆ ಎರಡು ಸಲ ಸೂರನ್ನು ನೋಡಿದಳು.

ಹೇಳಿದರೆ ಅಪ್ಪನ ಆಣೆ ಮುರಿಯುತ್ತದೆ. ಕ್ಯಾಬಿನ್ನಿನಿಂದ ಇಳಿದ ಅಪ್ಪ ಮತ್ತೆಂದೂ ಏರುವುದಿಲ್ಲ. ಆ ಏಣಿಯೇ ಅವರ ಬೆನ್ನುಮೂಳೆ. ಹೇಳದಿದ್ದರೆ… ಅದರ ಮುಂದಕ್ಕೆ ಅವಳ ಮನಸ್ಸು ಹೆಜ್ಜೆ ಇಡಲು ಒಪ್ಪಲಿಲ್ಲ. ಹಾಸಿಗೆಯಲ್ಲಿ ಹೊರಳಾಡಿ ಬೆಳಗು ಮಾಡಿದಳು. ಬೆಳಗಾದದ್ದೂ ಬೇಡವಾಗಿತ್ತು.

ಅಣ್ಣ ಬೂಟಿನ ದಾರ ಬಿಗಿಯುತ್ತಿದ್ದ. ಅಪ್ಪ ಊಟದ ಡಬ್ಬಿ ಹೆಗಲಿಗೆ ಹಾಕಿ, ಗೋಡೆ ಸವರಿಕೊಂಡು ಬಾಗಿಲಿನತ್ತ ಬಂದರು. ಅವಳು ಬಾಗಿಲಿಗೆ ಬೆನ್ನು ಹಚ್ಚಿ, ಹಿಂದೆ ಕೈ ಮಾಡಿ ಚಿಲಕ ಹಿಡಿದು ನಿಂತಿದ್ದಳು.

“ಏನೇ ಇಲಿಮರಿ, ಕಾವಲಿಗೆ ಸೇರ್ಕೊಂಡ್ಯಾ? ಸರಿ ಆಚೆ, ಹೊತ್ತಾಯ್ತು.”

ಅವಳು ಚಿಲಕ ಬಿಡಲಿಲ್ಲ.

“ಏನು?”

“ಅಣ್ಣ… ಅಪ್ಪನಿಗೆ ನೀನು ಕಾಣಲ್ಲ.”

“ಏನಂದೆ?”

“ಕೆಳಗೆ ನಿಂತಾಗ ನೀನು ಕಾಣಲ್ಲ! ನಡುವೆ ಏನೂ ಕಾಣಲ್ಲ ಅವ್ರಿಗೆ! ಗೋಡೆ ಉಬ್ಬಿರ್ಲಿಲ್ಲ ಅಣ್ಣ!” ಅದು ತನ್ನ ದನಿಯೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. ಅಮ್ಮ ಒದ್ದೆ ಕೈಯಲ್ಲೇ ಓಡಿ ಬಂದಳು.

ಅಣ್ಣ ನಗಲು ಬಾಯಿ ತೆರೆದ. ಅಪ್ಪನ ಕಡೆ ತಿರುಗಿದ. ಅಪ್ಪ ಬಯ್ಯುತ್ತಾರೆಂದು ಅವಳು ಕಣ್ಣು ಬಿಗಿ ಮುಚ್ಚಿ ಕಾದಳು. ಬೈಗುಳ ಬರಲಿಲ್ಲ. ಕಣ್ಣು ಬಿಟ್ಟರೆ ಅಪ್ಪ ಅವಳ ಕಿವಿಯ ಪಕ್ಕ, ಖಾಲಿ ಬಾಗಿಲನ್ನು ನೋಡುತ್ತಿದ್ದರು. ಹಾಗೆ ನೋಡಿದರೇ ಅವರಿಗೆ ತನ್ನ ಮುಖ ಸಿಗುವುದೆಂದು ಅವಳಿಗೆ ಈಗ ಗೊತ್ತಿತ್ತು.

“ಹೋದ ವಾರ…” ಅಂದ ಅಣ್ಣ. “ಆ ಕಬ್ಬಿಣದ ಕಟ್ಟು. ಆಗ ನಾನು ಕಾಣ್ತಿರ್ಲಿಲ್ವಾ?”

“ನಿನ್ನ ದನಿ ಕೇಳಿಸ್ತಿತ್ತು,” ಅಂದರು ಅಪ್ಪ.

“ದನಿ?”

“ವಾಕಿಟಾಕೀಲಿ. ನೀನು ಸಾಕು ಅಂದಾಗ ನಿಲ್ಲಿಸ್ತಿದ್ದೆ. ಆವತ್ತು ನೀನು ಕೆಮ್ಮಿದೆ. ಹೇಳೋದು ತಡ ಆಯ್ತು.”

ಅಣ್ಣ ಒಂದು ಬೂಟಿನಲ್ಲಿ, ಇನ್ನೊಂದರ ದಾರ ಕೈಯಲ್ಲಿ, ಇದ್ದಲ್ಲೇ ನೆಲಕ್ಕೆ ಕುಸಿದು ಕೂತ. ಅಮ್ಮ ಬಂದು ಗಂಡನ ಹೆಗಲಿನಿಂದ ಡಬ್ಬಿಯನ್ನು ಮೆಲ್ಲಗೆ ಇಳಿಸಿದಳು. “ಬಿಡ್ರೀ,” ಅಂದಳು ಅಷ್ಟೇ. ಅಪ್ಪ ಬಿಟ್ಟರು.

ಅಣ್ಣ ಮೇಸ್ತ್ರಿಗೆ ವಿಷಯ ಹೇಳಿಬರಲು ಒಬ್ಬನೇ ಹೋದ. ಬದಲಿ ಆಪರೇಟರ್ ಬರುವವರೆಗೆ ಕ್ರೇನ್ ನಿಂತಿರುತ್ತದೆಂದು ಅಲ್ಲಿಂದ ಮನೆಗೆ ಫೋನು ಮಾಡಿದ. ಕಣ್ಣಾಸ್ಪತ್ರೆಗೆ ಮಧ್ಯಾಹ್ನ ಹೋಗುವುದೆಂದಾಯಿತು. ಅಪ್ಪ ಒಬ್ಬರೇ ತಾರಸಿಗೆ ಹತ್ತಿದರು. ಹಿಂದೆಯೇ ಹೋಗುವುದೋ ಬೇಡವೋ ಎಂದು ಅವಳು ಮೆಟ್ಟಿಲ ಬುಡದಲ್ಲಿ ಬಹಳ ಹೊತ್ತು ನಿಂತಳು. ಆಮೇಲೆ ಹತ್ತಿದಳು.

ಒಣಹಾಕಿದ ಬಟ್ಟೆಗಳ ನಡುವೆ ಅಪ್ಪ ಕಟ್ಟೆ ಹಿಡಿದು ನಿಂತಿದ್ದರು. ಅವಳು ಒಂದು ಮಾರು ದೂರದಲ್ಲೇ ನಿಂತಳು. ಗಾಳಿಗೆ ಬಟ್ಟೆಗಳು ಪಟಪಟ ಅನ್ನುತ್ತಿದ್ದವು.

“ಕ್ರೇನಿನ ಬ್ರೇಕು ಬಿಟ್ಟಿದಾರಾ?” ಎಂದು ಕೇಳಿದರು ಅಪ್ಪ, ತಿರುಗದೆ. “ಆಪರೇಟರ್ ಇಲ್ದಾಗ ಬ್ರೇಕು ಬಿಟ್ಟಿರ್ಬೇಕು. ತೋಳು ಗಾಳಿ ಹೋದ ಕಡೆಗೆ ತಾನೇ ತಿರುಗ್ಬೇಕು. ಕಟ್ಟಿ ಹಾಕಿದ್ರೆ ಬಿದ್ದುಹೋಗುತ್ತೆ.”

ಮನೆಗಳ ತಾರಸಿಗಳ ಆಚೆ, ಅರ್ಧ ಕಟ್ಟಿದ ಕಟ್ಟಡದ ಮೇಲೆ ಹಳದಿ ಕ್ರೇನು ನಿಂತಿತ್ತು. ಅವಳು ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದಳು.

“ತಿರುಗ್ತಾ ಇದೆ ಅಪ್ಪ. ನಿಧಾನಕ್ಕೆ.”

“ಎತ್ತ?”

“ನೀರಿನ ಟ್ಯಾಂಕ್ ದಾಟ್ತು. ಈಗ ಶಾಲೆ ಮೇಲಿದೆ. ಇನ್ನೂ ಈಚೆ ಬರ್ತಿದೆ.” ಅವಳು ಹೇಳುತ್ತಾ ಹೋದಳು.

“ಕೊಕ್ಕೆ?”

“ಮೇಲಕ್ಕೆ ಎಳೆದಿಟ್ಟಿದಾರೆ. ಖಾಲಿ ಇದೆ.”

ಅಪ್ಪ ತಲೆಯಾಡಿಸಿದರು. ಅವರ ಬಲಗೈಯ ಹೆಬ್ಬೆರಳು ಮಾತ್ರ, ಕಟ್ಟೆಯ ಮೇಲೆ, ಕ್ಯಾಬಿನ್ನಿನ ಕಾಣದ ಹಿಡಿಕೆಯೊಂದನ್ನು ಇಷ್ಟಿಷ್ಟೇ ಹಿಂದಕ್ಕೆ ಒತ್ತುತ್ತಿತ್ತು.