ಐದು ಮೈಲಿಯ ಎರಡು ಕೊನೆ

ಕಾರ್ಖಾನೆಯ ಕನ್ನಡ ಸಂಘದವರು ೧೯೭೯ರ ರಾಜ್ಯೋತ್ಸವಕ್ಕೆ ಓಟದ ಪಂದ್ಯ ಇಟ್ಟುಕೊಂಡರು. ಗೊರಗುಂಟೆಪಾಳ್ಯದಿಂದ ಹೊರಟು, ತುಮಕೂರು ರಸ್ತೆ ಹಿಡಿದು, ಎಂಟನೇ ಮೈಲಿ ಎಂಬ ಬಸ್ ಸ್ಟಾಪಿನಲ್ಲಿ ಹೆಸರಘಟ್ಟದ ಕಡೆ ತಿರುಗಿ, ಚಿಕ್ಕಬಾಣಾವರದಲ್ಲಿ ಮುಗಿಯುವ ಓಟ. ಗೆದ್ದವರಿಗೆ ಹೊಸ ಸೈಕಲ್ಲು. ಇಲ್ಲಿಯವರೆಗೆ ಎಲ್ಲರೂ ಒಪ್ಪಿದರು.

"ಐದು ಮೈಲಿ ಓಟ ಅಂತ ಪ್ರಿಂಟ್ ಮಾಡಿಸ್ಬಿಡಿ" ಎಂದ ಕದಿರಪ್ಪ. ಅವನು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವನು, ತಲೆತಲಾಂತರದಿಂದ ಚಿಕ್ಕಬಾಣಾವರದವನು.

"ಮೈಲಿ ಸತ್ತು ಯಾವ ಕಾಲ ಆತ್ರೀ. ಎಂಟು ಕಿಲೋಮೀಟರ್ ಅಂತ ಹಾಕಸ್ರಿ" ಎಂದ ಅಪ್ಪಾಸಾಹೇಬ. ಇವನು ಜಮಖಂಡಿಯ ಕಡೆಯವನು, ತಯಾರಾದ ಮಾಲನ್ನು ಅಳೆದು ಪಾಸು ಮಾಡುವ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಸ್ಟೀಲಿನ ಅಳತೆಪಟ್ಟಿ ಇಲ್ಲದೆ ಅವನನ್ನು ಯಾರೂ ಕಂಡಿರಲಿಲ್ಲ.

"ಅಂಗಾದ್ರೆ ಎಂಟನೇ ಮೈಲೀನ ಇನ್ಮೇಲೆ ಹದಿಮೂರನೇ ಕಿಲೋಮೀಟ್ರು ಅಂತ ಕರೀಬೇಕಾ? ಕಂಡಕ್ಟರ್ ನಮ್ಮನ್ನ ಇಳಿಸೋದೇ ಇಲ್ಲ."

"ಬ್ರಿಟಿಷರು ಹೋದ್ರು, ಅವರ ಮೈಲಿ ಯಾಕ ಹೊತಗೊಂಡು ತಿರಗತೀರಿ? ಹನ್ನೆರಡು ಇಂಚಿಗೆ ಒಂದು ಅಡಿ, ಮೂರು ಅಡಿಗೆ ಒಂದು ಗಜ, ಸಾವಿರದ ಏಳನೂರಾ ಅರವತ್ತು ಗಜಕ್ಕ ಒಂದು ಮೈಲಿ. ಇದು ಲೆಕ್ಕಾನೋ ಶಿಕ್ಷಾನೋ?"

"ಅಡಿ ಅಂದ್ರೆ ಪಾದ ಕಣ್ರೀ. ನನ್ ಪಾದ ನನ್ ಹತ್ರಾನೇ ಐತೆ. ನಿಮ್ ಮೀಟ್ರು ಯಾವ ದೇಶದಾಗೈತೋ."

ಇವರಿಬ್ಬರೂ ಶತ್ರುಗಳಲ್ಲ. ದಿನವೂ ಮಧ್ಯಾಹ್ನ ಒಂದೇ ಬೆಂಚಿನಲ್ಲಿ ಕೂತು, ಅಪ್ಪಾಸಾಹೇಬನ ಜೋಳದ ರೊಟ್ಟಿ ಕದಿರಪ್ಪ, ಕದಿರಪ್ಪನ ಮುದ್ದೆ ಅಪ್ಪಾಸಾಹೇಬ ತಿನ್ನುತ್ತಿದ್ದರು. ತಿನ್ನುವಾಗಲೂ ಮಾತು ನಿಲ್ಲುತ್ತಿರಲಿಲ್ಲ.

ಸಂಘದ ಕಾರ್ಯದರ್ಶಿ ರಾಮಕೃಷ್ಣಪ್ಪನಿಗೆ ಸಾಕಾಯಿತು. "ಎರಡೂ ಒಂದೇ ಅಲ್ವೇನ್ರಪ್ಪಾ" ಎಂದ.

"ಒಂದಲ್ರಿ. ಐದು ಮೈಲಿ ಅಂದ್ರ ನಲವತ್ತೇಳು ಮೀಟರ್ ಹೆಚ್ಚಾಗತೈತಿ" ಎಂದ ಅಪ್ಪಾಸಾಹೇಬ.

"ಅಷ್ಟು ದೂರದಲ್ಲಿ ನಲವತ್ತೇಳು ಮೀಟರ್ ಯಾರ್ ನೋಡ್ತಾರೆ?" ಎಂದು ರಾಮಕೃಷ್ಣಪ್ಪ ಐದು ಮೈಲಿ ಎಂದು ದಪ್ಪಕ್ಷರದಲ್ಲಿ ಹಾಕಿಸಿ, ಪಕ್ಕದಲ್ಲೇ ಬ್ರಾಕೆಟ್ಟಿನೊಳಗೆ ಎಂಟು ಕಿಲೋಮೀಟರ್ ಸೇರಿಸಿ, ಗೋಡೆಗಳಿಗೆಲ್ಲ ಪೋಸ್ಟರು ಅಂಟಿಸಿಬಿಟ್ಟ.

ದಾರಿ ಅಳೆಯುವ ಕೆಲಸವೂ ಈ ಇಬ್ಬರ ಪಾಲಿಗೇ ಬಂತು. ಭಾನುವಾರ ಬೆಳಿಗ್ಗೆ ಅಪ್ಪಾಸಾಹೇಬ ಮೀಟರಿನ ಟೇಪು ತಂದ, ಕದಿರಪ್ಪ ನೂರಡಿಯ ಟೇಪು ತಂದ. ಟೇಪಿಗೆ ಎರಡು ತುದಿ, ಒಬ್ಬನಿಂದ ಆಗುವುದಲ್ಲ. ಹಾಗಾಗಿ ಮೀಟರಿನ ತುದಿಯನ್ನು ಕದಿರಪ್ಪ ಹಿಡಿದ, ಅಡಿಯ ತುದಿಯನ್ನು ಅಪ್ಪಾಸಾಹೇಬ ಹಿಡಿದ. ಒಂದೇ ರಸ್ತೆಯನ್ನು ಎರಡು ಸಲ ಬಗ್ಗಿ ಎದ್ದು ಅಳೆದು ಸಂಜೆಗೆ ಚಿಕ್ಕಬಾಣಾವರ ಮುಟ್ಟಿದಾಗ ಇಬ್ಬರ ಸೊಂಟವೂ ಹಿಡಿದಿತ್ತು. ಅಪ್ಪಾಸಾಹೇಬ ತನ್ನ ಜಾಗದಲ್ಲಿ ಸುಣ್ಣದ ಗೆರೆ ಎಳೆದ. ಕದಿರಪ್ಪ ಇನ್ನಷ್ಟು ಮುಂದೆ ಹೋಗಿ ತನ್ನದನ್ನು ಎಳೆದ.

ಪಂದ್ಯದ ದಿನ ಆ ಎರಡೂ ಗೆರೆಗಳ ಮೇಲೆ ಕೆಂಪು ಹಳದಿ ರಿಬ್ಬನ್ ಕಟ್ಟಿದ್ದರು. ನಡುವಿನ ಹೊಂಗೆ ಮರದ ನೆರಳಿನಲ್ಲಿ ಕದಿರಪ್ಪನ ಹೆಂಡತಿ ಮುನಿಯಲ್ಲಮ್ಮ ದೊಡ್ಡ ಮಡಕೆಯಲ್ಲಿ ಮಜ್ಜಿಗೆ ಇಟ್ಟುಕೊಂಡು ಕೂತಿದ್ದಳು. ಎರಡು ರಿಬ್ಬನ್ ನೋಡಿ, "ಇದೇನ್ ಮದ್ವೇನಾ, ಎರಡು ಕಡೆ ತೋರಣ ಕಟ್ಟೋಕೆ?" ಎಂದಳು.

ಓಟ ಶುರುವಾದ ಮೇಲೆ ಎಂಟನೇ ಮೈಲಿ ದಾಟುವಷ್ಟರಲ್ಲಿ ಅರ್ಧ ಜನ ನಡೆಯತೊಡಗಿದ್ದರು. ಮುಂದೆ ಉಳಿದವರು ಇಬ್ಬರೇ. ಒಬ್ಬ ಪಂಚಪ್ಪ, ಗೋಕಾಕದ ಹುಡುಗ, ಅಪ್ಪಾಸಾಹೇಬನ ವಿಭಾಗದವನು. ಇನ್ನೊಬ್ಬ ರಹಮತುಲ್ಲಾ, ಗೊರಗುಂಟೆಪಾಳ್ಯದಲ್ಲೇ ಹುಟ್ಟಿ ಬೆಳೆದ ಎಲೆಕ್ಟ್ರಿಷಿಯನ್. ಪಂಚಪ್ಪನಿಗೆ ಅಪ್ಪಾಸಾಹೇಬ ಮೊದಲ ರಿಬ್ಬನ್ನೇ ಗುರಿ ಎಂದಿದ್ದ. ರಹಮತುಲ್ಲಾನಿಗೆ ಕದಿರಪ್ಪ ಎರಡನೆಯದೇ ಗುರಿ ಎಂದಿದ್ದ.

ಪಂಚಪ್ಪ ಮೊದಲ ರಿಬ್ಬನ್ನನ್ನು ಎದೆಯಲ್ಲಿ ಕಿತ್ತುಕೊಂಡು, ಎರಡೂ ಕೈ ಮೇಲೆತ್ತಿ ನಿಂತ. ಅಪ್ಪಾಸಾಹೇಬ ಓಡಿ ಬಂದು ಅವನನ್ನು ತಬ್ಬಿಕೊಂಡ. ಅವರ ಪಕ್ಕದಲ್ಲೇ ರಹಮತುಲ್ಲಾ ಗಾಳಿಯಂತೆ ಹಾದುಹೋಗಿ ಎರಡನೆಯ ರಿಬ್ಬನ್ ಕಿತ್ತ. ಅಲ್ಲಿ ಕದಿರಪ್ಪ ಅವನನ್ನು ತಬ್ಬಿಕೊಂಡ. ಜನ ಎರಡು ಕಡೆಯೂ ಚಪ್ಪಾಳೆ ತಟ್ಟಿದರು.

ಹಿಂದಿನಿಂದ ಸ್ಕೂಟರಿನಲ್ಲಿ ಬಂದ ರಾಮಕೃಷ್ಣಪ್ಪ ತಲೆ ಹಿಡಿದುಕೊಂಡ.

"ಮೊದಲು ಅಚ್ಚಾಗಿರೋದು ಐದು ಮೈಲಿ" ಎಂದ ಕದಿರಪ್ಪ. "ಕಿಲೋಮೀಟ್ರು ಬ್ರಾಕೆಟ್‌ನಾಗೈತೆ. ಬ್ರಾಕೆಟ್‌ನಾಗಿರೋದು ಲೆಕ್ಕಕ್ಕಿಲ್ಲ."

"ಗಣಿತದಾಗ ಬ್ರಾಕೆಟ್ ಮೊದಲು ಬಿಡಸ್ತಾರ್ರೀ" ಎಂದ ಅಪ್ಪಾಸಾಹೇಬ.

ಈ ಮಾತಿಗೆ ಕದಿರಪ್ಪನಿಗೇ ನಗು ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಅವನು ನಕ್ಕಿದ್ದು ನೋಡಿ ಅಪ್ಪಾಸಾಹೇಬನೂ ನಕ್ಕ. ಆದರೂ ಇಬ್ಬರೂ ಬಿಟ್ಟುಕೊಡಲಿಲ್ಲ. ರಾಮಕೃಷ್ಣಪ್ಪ ಮುಂದಿನ ಭಾನುವಾರ ಮತ್ತೆ ಓಡಿಸೋಣ ಎಂದದ್ದಕ್ಕೆ ಓಡಿ ಬಂದವರೆಲ್ಲ ಒಟ್ಟಿಗೆ ಬೈದರು.

ಅಷ್ಟರಲ್ಲಿ ಗೆದ್ದ ಇಬ್ಬರೂ ಹೊಂಗೆಯ ಕೆಳಗೆ ಕಾಲು ಚಾಚಿ ಕೂತು, ಒಂದೇ ಲೋಟದಲ್ಲಿ ಸರದಿಯ ಮೇಲೆ ಮಜ್ಜಿಗೆ ಕುಡಿಯುತ್ತಿದ್ದರು. ಇಷ್ಟು ದಿನ ಒಬ್ಬರನ್ನೊಬ್ಬರು ಗೇಟಿನಲ್ಲಿ ನೋಡಿದ್ದರೇ ಹೊರತು ಮಾತಾಡಿರಲಿಲ್ಲ.

"ಎಲ್ಲಿರೋದು ನೀವು?" ಎಂದು ರಹಮತುಲ್ಲಾ ಕೇಳಿದ.

"ಗೊರಗುಂಟೆಪಾಳ್ಯದಾಗ, ಮಸೀದಿ ಹಿಂದಿನ ಓಣ್ಯಾಗ ರೂಮ್ ಮಾಡೀನಿ."

"ಅರೇ, ನಮ್ ಮನೆ ಮಸೀದಿ ಮುಂದೆ. ಯಾವ ಶಿಫ್ಟು?"

"ಫಸ್ಟು."

"ನಂದೂ ಅದೇ."

ಇಬ್ಬರೂ ಮರಕ್ಕೆ ಒರಗಿಸಿದ್ದ ಸೈಕಲ್ಲನ್ನು ನೋಡಿದರು. ಹಸಿರು ಬಣ್ಣ, ಹ್ಯಾಂಡಲಿಗೆ ಮಲ್ಲಿಗೆ ಹಾರ. ರಹಮತುಲ್ಲಾ ಎದ್ದು ಹೋಗಿ ರಾಮಕೃಷ್ಣಪ್ಪನ ಮುಂದೆ ನಿಂತ.

"ಸಾರ್, ಇವರೂ ಗೆದ್ರು, ನಾನೂ ಗೆದ್ದೆ. ಸೈಕಲ್‌ಗೆ ಹಿಂದೆ ಕ್ಯಾರಿಯರ್ ಇದೆಯಲ್ಲ. ಇಬ್ರಿಗೂ ಸೇರಿ ಕೊಟ್ಬಿಡಿ. ದಿನಾ ಒಟ್ಟಿಗೆ ಬರ್ತೀವಿ."

"ಒಂದು ವಾರ ಅವರ ಮನ್ಯಾಗ ಇರ್ತೈತಿ, ಒಂದು ವಾರ ನನ್ನ ರೂಮಿನ್ಯಾಗ" ಎಂದ ಪಂಚಪ್ಪ.

ರಾಮಕೃಷ್ಣಪ್ಪ ಎರಡನೇ ಸಲ ಹೇಳಿಸಿಕೊಳ್ಳದೆ ಒಪ್ಪಿಬಿಟ್ಟ. ಹಾರ ತೆಗೆದು ಅರ್ಧ ಮಾಡಿ ಇಬ್ಬರ ಕೊರಳಿಗೂ ಹಾಕಿದ. ಕದಿರಪ್ಪನೂ ಅಪ್ಪಾಸಾಹೇಬನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಡಲು ಇನ್ನೂ ಬಹಳ ಮಾತು ಉಳಿದಿತ್ತು, ಆದರೆ ಕೇಳುವವರು ಉಳಿದಿರಲಿಲ್ಲ.

"ಊಟಕ್ಕೆ ನಮ್ಮನೆಗೇ ಬನ್ನಿ ಎಲ್ರೂ" ಎಂದು ಮುನಿಯಲ್ಲಮ್ಮ ಖಾಲಿ ಮಡಕೆ ಸೊಂಟಕ್ಕೆ ಏರಿಸಿದಳು.

"ಮನೆ ಎಷ್ಟು ದೂರಮ್ಮಾ?" ಎಂದು ರಾಮಕೃಷ್ಣಪ್ಪ ಕೇಳಿದ. ಕೇಳಿದ ಕೂಡಲೇ ತಪ್ಪಾಯಿತೆಂದು ಅವನಿಗೇ ತಿಳಿಯಿತು. ಕದಿರಪ್ಪ, ಅಪ್ಪಾಸಾಹೇಬ ಇಬ್ಬರೂ ಆಗಲೇ ಬಾಯಿ ತೆರೆದಿದ್ದರು.

"ಒಂದ್ ಕೂಗಳತೆ" ಎಂದಳು ಮುನಿಯಲ್ಲಮ್ಮ. "ಸುಮ್ನೆ ನಡೀರಿ, ಮುದ್ದೆ ಆರೋಯ್ತದೆ."

ಅವರು ನಡೆದರು. ಹಿಂದಿನಿಂದ ಗಂಟೆ ಬಾರಿಸುತ್ತಾ ಹಸಿರು ಸೈಕಲ್ಲು ಬಂತು. ಪಂಚಪ್ಪ ತುಳಿಯುತ್ತಿದ್ದ, ಕ್ಯಾರಿಯರಿನ ಮೇಲೆ ರಹಮತುಲ್ಲಾ ಕಾಲು ಅಗಲಿಸಿ ಕೂತು, ಎದುರಾದವರಿಗೆಲ್ಲ ಕೈ ಬೀಸುತ್ತಿದ್ದ.