ಮಡಿಯ ಸೌಟು

ಡಾಕ್ಟರು ಸೌಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಲಸಿನ ಮರದ ಚಟ್ನಿ ಸೌಟು. ಮುಂಬಯಿಯ ಮಾಟುಂಗದ ಹೋಟೆಲಿನಲ್ಲಿ ಅಡಿಗೆಯ ಸದಾನಂದ ಭಟ್ಟರ ಹೊರತು ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಗಿರಾಕಿಗಳು ವಾಂತಿಭೇದಿಯಿಂದ ಮಲಗಿದ ಮೇಲೆ ಪಾತ್ರೆಗಳೆಲ್ಲ ಪರೀಕ್ಷೆಗೆ ಬಂದಿದ್ದವು.

ಗಾಜು, ಪಿಂಗಾಣಿ ನುಣುಪು. ರೋಗಾಣು ಅಂಟಿದರೂ ಕುದಿನೀರಿಗೆ ಸತ್ತು ತೊಳೆದುಹೋಗುತ್ತದೆ. ಮರದ ಬಿರುಕಿನಲ್ಲಿ ಹಾಗಲ್ಲ, ಕಚ್ಚಿಕೊಂಡು ಸಂಸಾರ ಹೂಡುತ್ತದೆ ಎಂದು ಡಾಕ್ಟರು ಎದುರು ನಿಂತ ಭಟ್ಟರಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಲೋಟ, ಬಸಿಗಳಲ್ಲಿ ಏನೂ ಸಿಕ್ಕಿರಲಿಲ್ಲ. ಸಿಕ್ಕಿದ್ದು ಸೌಟಿನಲ್ಲಿ. ಇದನ್ನು ಕುದಿನೀರಿಗೆ ಹಾಕುವುದಿಲ್ಲವೇ ಎಂದು ಕೇಳಿದರು.

ಕುದಿನೀರಿನ ಹಂಡೆ ಹೋಟೆಲಿನಲ್ಲಿತ್ತು. ಆದರೆ ಅದರಲ್ಲಿ ಮುಳುಗುತ್ತಿದ್ದದ್ದು ಕಂಡಕಂಡವರ ಎಂಜಲು ಲೋಟ. ಹಂಡೆಯ ಮುಂದೆ ಇರುತ್ತಿದ್ದವನು ಲೋಟ ತೊಳೆಯುವ ಚೆನ್ನಯ. ಮಡಿಯ ಸೌಟು ಅಲ್ಲಿಗೆ ಇಳಿಯುವುದುಂಟೇ? ಭಟ್ಟರು ದೇವರ ಹೆಸರು ಹೇಳಿ ಅದನ್ನು ತಣ್ಣೀರಿನಲ್ಲಿ ತೊಳೆದು, ಒದ್ದೆ ಪಾಣಿಪಂಚೆಯಿಂದ ಒರಸಿ ಮೊಳೆಗೆ ತೂಗುಹಾಕುತ್ತಿದ್ದರು. ಜನ ಕಾಯಿಲೆ ಬಿದ್ದಾಗ, "ನಿನ್ನ ಕೈಯಲ್ಲೇ ರೋಗ ಉಂಟು ಮಾರಾಯ" ಎಂದು ಎಲ್ಲರೆದುರು ಹೇಳಿ, ಧಣಿಗಳ ಕೈಯಿಂದ ಚೆನ್ನಯನನ್ನು ಕೆಲಸದಿಂದ ತೆಗೆಸಿದವರೂ ಅವರೇ.

ಅವನಿರುವ ಚಾಳಿನ ವಿಳಾಸ ಕೇಳಿಕೊಂಡು ಭಟ್ಟರು ಘಾಟ್ಕೋಪರಿಗೆ ಹೊರಟರು. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕರೂ ಕೂರಲು ಮನಸ್ಸಾಗಲಿಲ್ಲ. ರಾಮನಾಮವೂ ನಾಲಿಗೆಗೆ ಬರಲಿಲ್ಲ.

ಬಾಗಿಲಲ್ಲಿ ಚೆನ್ನಯನ ಹೆಂಡತಿ ಅಕ್ಕು, ಒಳಗೆ ಕರೆಯಬೇಕೋ ಬೇಡವೋ ತಿಳಿಯದೆ ನಿಂತಳು. ಚೆನ್ನಯ ಎದ್ದು ಬಂದ. ಬೂದಿ, ಸೋಡಾ ಹಾಕಿ ಕೈಯನ್ನೇ ಉಜ್ಜಿ ಉಜ್ಜಿ ಅವನ ಅಂಗೈ ಸಿಪ್ಪೆ ಎದ್ದಿತ್ತು.

"ಆ ಜನ ಹೇಗಿದ್ದಾರೆ ಭಟ್ರೆ? ಯಾರೂ ಸಾಯ್ಲಿಲ್ಲ ಅಲ್ವಾ?"

ಎಲ್ಲರೂ ಹುಷಾರಾಗಿದ್ದಾರೆ ಎಂದರು ಭಟ್ಟರು.

"ನೀವು ಹಾಗೆ ಹೇಳಿದ ಮೇಲೆ ಇವರು ಮಗುವನ್ನು ಮುಟ್ಲೇ ಇಲ್ಲ," ಅಕ್ಕು ಮೆಲ್ಲಗೆ ಎಂದಳು. "ತೊಟ್ಟಿಲು ತೂಗುವುದೂ ಕಾಲಲ್ಲೇ."

ಗ್ರಹಚಾರ, ದೈವೇಚ್ಛೆ ಎಂದು ಭಟ್ಟರು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತನ್ನು ಅಲ್ಲೇ ಕೈಬಿಟ್ಟರು.

"ನಿನ್ನ ಕೈಯಲ್ಲಿ ಅಲ್ಲ ಚೆನ್ನಯ, ನನ್ನ ಸೌಟಿನಲ್ಲಿ ಇದ್ದದ್ದು. ನಾನದನ್ನು ಹಂಡೆಗೆ ಹಾಕ್ತಿರಲಿಲ್ಲ. ನೀನು ಮುಟ್ಟುವ ಹಂಡೆ ಅಂತ."

ಚೆನ್ನಯ ಕೈಗಳನ್ನು ತಿರುಗಿಸಿ ನೋಡಿಕೊಂಡ. ಅಕ್ಕು ಮಗುವನ್ನೆತ್ತಿ ಅವನ ಮುಂದೆ ಹಿಡಿದಳು. ಅವನು ಹೆಗಲ ಬೈರಾಸಿನಿಂದ ಅಂಗೈ ಒರಸಿದ, ಮತ್ತೆ ಒರಸಿದ. ಕೈ ಮುಂದೆ ಚಾಚಿ ಹಿಂದಕ್ಕೆಳೆದ. ಅಷ್ಟರಲ್ಲಿ ಮಗು ಅವನ ಬೆರಳನ್ನು ಹಿಡಿದು ಬಾಯಿಗೆ ಕೊಂಡೊಯ್ದಿತು.

ಭಟ್ಟರು ಹೊಸ್ತಿಲಿನ ಹೊರಗೆ, ಚಪ್ಪಲಿಗಳ ನಡುವೆ, ಮೆಲ್ಲನೆ ಕುಳಿತರು.