ಹೇಗಿದ್ದೀಯಮ್ಮ?

ಹಾಸಿಗೆ ಹೊಲಿಯುವವರ ಆ ಮನೆಯಲ್ಲಿ ಇದ್ದದ್ದು ಒಂದೇ ಫೋನು. ಅದು ಮಾವನ ಅಂಗಿಯ ಜೇಬು ಬಿಟ್ಟು ಕದಲುತ್ತಿರಲಿಲ್ಲ. ಹೆಂಗಸರು ಮುಟ್ಟುವಂತಿಲ್ಲ. ಇದಕ್ಕೆ ಮರ್ಯಾದೆ ಎಂದು ಹೆಸರು ಬೇರೆ!

ಮಗ ದೂರದ ಕಾರ್ಖಾನೆಯಲ್ಲಿದ್ದ. ತುಂಬು ಬಸುರಿ ಸೊಸೆ ಹಿಂದಿನ ಕೋಣೆಯಲ್ಲಿ ಒಬ್ಬಳೇ ಕೂತು ಹಳೆಯ ಹತ್ತಿ ಬಿಡಿಸುತ್ತಿದ್ದಳು. ಉಂಡೆಯಾ ಎಂದು ಕೇಳುವವರಿಲ್ಲ. ವಾರಕ್ಕೊಮ್ಮೆ ಮಾತ್ರ ಮನೆಯ ಮುಂಭಾಗದಲ್ಲೇ ಇದ್ದ ಮಾವನ ಅಂಗಡಿಯಲ್ಲಿ ಫೋನು ಬರುತ್ತಿತ್ತು. ಬಸುರಿಯರಿಗಾಗಿ ಆಸ್ಪತ್ರೆಯವರು ಮಾಡಿದ್ದ ಏರ್ಪಾಡು, ಮೊದಲೇ ಮುದ್ರಿಸಿಟ್ಟ ಧ್ವನಿ. ಕೈಯಲ್ಲಿ ಸೂಜಿ ಇರುತ್ತಿದ್ದುದರಿಂದ ಮಾವ ಸ್ಪೀಕರ್ ಹಾಕುತ್ತಿದ್ದರು.

"ಹೇಗಿದ್ದೀಯಮ್ಮ? ಮುಖ ಊದಿದ್ದರೆ, ತಲೆ ಸಿಡಿಯುತ್ತಿದ್ದರೆ ಒಂದು ಒತ್ತು. ಆರಾಮಾಗಿದ್ದರೆ ಎರಡು ಒತ್ತು."

ಲೋಕದಲ್ಲಿ ಅವಳನ್ನು ಹೇಗಿದ್ದೀ ಎಂದು ಕೇಳುತ್ತಿದ್ದದ್ದು ಆ ಧ್ವನಿಯೊಂದೇ. ಗೋಡೆಗೆ ಕಿವಿಯಿಟ್ಟು ಕೇಳುತ್ತಿದ್ದಳು. ಉತ್ತರ ಕೊಡುತ್ತಿದ್ದವರು ಮಾವ. ಎರಡು ಒತ್ತಿ, ಜೇಬಿಗಿಳಿಸಿ, ಮತ್ತೆ ಹೊಲಿಗೆಗೆ ಕೂರುತ್ತಿದ್ದರು.

ಬಸುರಿಯ ಹೆಸರು ಬರೆದುಕೊಳ್ಳಲು ಬಂದ ದಿನವೇ ನರ್ಸಮ್ಮ ಹೇಳಿದ್ದಳು, "ಯಜಮಾನ್ರೇ, ಫೋನು ಬಂದಾಗ ಸೊಸೆ ಕೈಗೆ ಕೊಡಿ. ಅವಳ ನೋವು ನಿಮಗೆ ಹೇಗೆ ಗೊತ್ತಾಗುತ್ತೆ?"

"ನಮ್ಮನೆ ಸೊಸೆ ಹೇಗಿದ್ದಾಳೆ ಅಂತ ನನಗೆ ಗೊತ್ತಿಲ್ವೇನಮ್ಮಾ? ಹೆಣ್ಣಿನ ಕೈಗೆ ಫೋನು ಕೊಟ್ರೆ ನಾಲ್ಕು ಜನ ಏನಂದಾರು?"

"ಆ ನಾಲ್ಕು ಜನ ಬಂದು ಹೆರ್ತಾರಾ?"

ಮಾವ ಸೂಜಿಗೆ ದಾರ ಪೋಣಿಸತೊಡಗಿದರು. ನರ್ಸಮ್ಮ ಎದ್ದುಹೋದಳು. ಓದುಗರೇ, ಏರ್ಪಾಡು ಮಾಡಿದ ದೊಡ್ಡವರಾದರೂ ಆ ಫೋನು ಯಾರ ಜೇಬಿನಲ್ಲಿರುತ್ತದೆ ಎಂದು ವಿಚಾರಿಸಬೇಡವೇ? ಎಲ್ಲ ಆರಾಮ ಎಂದೇ ಉತ್ತರ ಬರುತ್ತಿದ್ದ ಮನೆಗೆ ನರ್ಸಮ್ಮನನ್ನು ಮತ್ತೆ ಕಳಿಸಲಿಲ್ಲ.

"ಅತ್ತೆ, ಮುಖ ಊದಿದೆ. ಕಣ್ಣು ಮಂಜಾಗ್ತಿದೆ."

"ಬಸುರಿ ಅಂದ್ಮೇಲೆ ಇವೆಲ್ಲ ಇದ್ದದ್ದೇ ಕಣೇ. ನಾವೇನು ಹೆತ್ತಿಲ್ವಾ?"

ಒಂದು ಮಧ್ಯಾಹ್ನ ಫೋನು ಬಂದಾಗ ಅವಳು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. "ಮಾವ, ಈ ಸಲ ಒಂದು ಒತ್ತಿ..."

ಅವರು ಆಗಲೇ ಎರಡು ಒತ್ತಿದ್ದರು. "ಅಯ್ಯೋ, ಒತ್ತಿಬಿಟ್ಟೆನಲ್ಲಮ್ಮ. ಮುಂದಿನ ವಾರ ಮತ್ತೆ ಬರುತ್ತೆ ಬಿಡು."

ಅಂದೇ ಸಂಜೆ ಹತ್ತಿಯ ರಾಶಿಯ ಮೇಲೆ ಸೆಟೆದು ಬಿದ್ದಳು. ಆಸ್ಪತ್ರೆ ಮುಟ್ಟುವುದರೊಳಗೆ ತಾಯಿಯೂ ಇಲ್ಲ, ಮಗುವೂ ಇಲ್ಲ.

ಮುಂದಿನ ವಾರ ಫೋನು ಬಂತು. ಮಾವ ಸೂಜಿ ಕೆಳಗಿಟ್ಟರು. ಫೋನನ್ನು ಹೆಂಡತಿಯ ಮುಂದೆ ಹಿಡಿದು, "ನೀನೇ ನೋಡೇ" ಎಂದರು. ಆ ಮನೆಯಲ್ಲಿ ಹೆಣ್ಣಿನ ಕೈಗೆ ಫೋನು ಬಂದದ್ದು ಅದೇ ಮೊದಲು.

"ಹೇಗಿದ್ದೀಯಮ್ಮ?" ಎಂದಿತು ಧ್ವನಿ.

ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಳುತ್ತ ಕೇಳಿದಳು, "ರೀ, ಈಗ ಯಾವುದನ್ನ ಒತ್ತಲಿ?"